ಬಲಗಡೆ ಸ್ಪೀಕರ್ ಯಾಕೆ ಮಂಕು?

ಪ್ರಶ್ನೆ: ಸರ್, ಸುಮಾರು 18 ವರ್ಷ ಹಳೆಯ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ಇದೆ. 8 ಓಮ್, ದಪ್ಪ ದನಿಗೆ ಆರೂವರೆ ಇಂಚಿನ ವೂಫರ್, ಚೂಪು ದನಿಗೆ ಒಂದು ಇಂಚಿನ ಡೋಮ್ (ಗುಮ್ಮಟದಾಕಾರದ) ಟ್ವೀಟರ್. ಹಾಡುವವರ ದನಿ ನಡುವೆ ನಿಲ್ಲದೆ ಒಂದು ಗೇಣಿನಷ್ಟು ಎಡಕ್ಕೆ ಸರಿದ ಹಾಗೆ ಕೇಳುತ್ತದೆ, ಸೌಂಡ್ ಕಡಿಮೆ ಇಟ್ಟಾಗಂತೂ ಇನ್ನೂ ಹೆಚ್ಚು. ತಂಬೂರಿಯ ಝೇಂಕಾರ, ತಾಳದ ಕಿಣಿಕಿಣಿ ಬಲಗಡೆ ಮಂಕು. ಬ್ಯಾಲೆನ್ಸ್ ನಾಬ್ ತಿರುಗಿಸಿದರೆ ದನಿ ನಡುವೆ ಬರುತ್ತದೆ, ಮಂಕು ಹಾಗೇ ಉಳಿಯುತ್ತದೆ. ಟ್ವೀಟರ್ ಬದಲಿಸಬೇಕಾ?

ಉತ್ತರ: ಈಗಲೇ ಬೇಡ. ದನಿ ಸರಿಯುವುದು ಒಂದು ದೂರು, ಮಂಕು ಇನ್ನೊಂದು. ಎರಡಕ್ಕೂ ಕಾರಣ ಒಂದೇ ಇರಬೇಕೆಂದಿಲ್ಲ. ಸ್ಕ್ರೂ ಡ್ರೈವರ್ ಮುಟ್ಟುವ ಮೊದಲು ಅದಲುಬದಲು ಮಾಡಿ ನೋಡಿ, ಒಂದು ಸಲಕ್ಕೆ ಒಂದೇ ವಸ್ತು.

ಸ್ಟೀರಿಯೋ ಹಾಡಿನಲ್ಲಿ ಎಡ ಬಲ ಬೇರೆ ಬೇರೆಯೇ ಇರುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೋ (ಎರಡೂ ಕಡೆ ಒಂದೇ ದನಿ) ಆನ್ ಮಾಡಿ, ಅಲ್ಲೇ ಇರುವ ಬ್ಯಾಲೆನ್ಸ್ ಗೆರೆ ನಟ್ಟನಡುವೆ ಇದೆಯೇ ನೋಡಿಕೊಳ್ಳಿ. ಒಬ್ಬರೇ ಮಾತಾಡುವ ರೆಕಾರ್ಡಿಂಗ್ ಹಾಕಿ.

ಮೊದಲು ಆಂಪ್ (ಆಂಪ್ಲಿಫೈಯರ್) ಆಫ್ ಮಾಡಿ, ಅದರ ಹಿಂಭಾಗದಲ್ಲಿ ಎಡ ಬಲದ ಸ್ಪೀಕರ್ ವೈರ್ ಅದಲುಬದಲು ಮಾಡಿ. ದೋಷ ಎಡಕ್ಕೆ ಹೋದರೆ ಆಂಪಿನದು, ಅಥವಾ ಅದಕ್ಕೆ ಹಾಡು ಕಳಿಸುವ ಫೋನ್, ಕೇಬಲಿನದು. ಬಲದಲ್ಲೇ ಉಳಿದರೆ ವೈರ್ ಮೊದಲಿನಂತೆ ಹಾಕಿ, ಸ್ಪೀಕರ್ ಡಬ್ಬಗಳನ್ನೇ ಜಾಗ ಬದಲಿಸಿ. ಡಬ್ಬದ ಜೊತೆ ಹೋದರೆ ಸ್ಪೀಕರಿನದು, ಹೋಗದಿದ್ದರೆ ಕೋಣೆಯದು ಅಥವಾ ವೈರಿನದು. ವೈರ್ ತುದಿಯ ತಾಮ್ರ ಕಪ್ಪಾಗಿದ್ದರೆ ಒಂದು ಸೆಂಟಿಮೀಟರ್ ಕತ್ತರಿಸಿ ಹೊಸದಾಗಿ ಸುಲಿದು ಹಾಕಿ. ಕೊನೆಗೆ ಸ್ಪೀಕರಿಗೆ ಬೆನ್ನು ಮಾಡಿ ಕೂತು ಕೇಳಿ. ಆಗಲೂ ನಿಮ್ಮ ಅದೇ ಕಿವಿಗೆ ಮಂಕಾಗಿ ಕೇಳಿದರೆ ಕಿವಿಯಲ್ಲಿ ಗುಗ್ಗೆ ತುಂಬಿರಬಹುದು, ವೈದ್ಯರಿಗೆ ತೋರಿಸಿ.

ಮರುಪ್ರಶ್ನೆ: ಮಾಡಿದೆ ಸರ್. ವೈರ್ ಬದಲಿಸಿದಾಗ, ಸೌಂಡ್ ಕಡಿಮೆ ಇದ್ದರೆ ದನಿ ಈಗ ಬಲಕ್ಕೆ ಸರಿಯಿತು. ಆದರೆ ಮಂಕು ಬಲದಲ್ಲೇ ಇತ್ತು, ಡಬ್ಬ ಬದಲಿಸಿದಾಗ ಡಬ್ಬದ ಜೊತೆ ಎಡಕ್ಕೆ ಹೋಯಿತು.

ಉತ್ತರ: ಹಾಗಾದರೆ ದೋಷ ಎರಡು, ಒಂದು ಆಂಪಿನಲ್ಲಿ, ಒಂದು ಸ್ಪೀಕರಿನಲ್ಲಿ.

ಆಂಪಿನದು ಬಹುಮಟ್ಟಿಗೆ ವಾಲ್ಯೂಮ್ ಕಂಟ್ರೋಲ್. ಒಂದೇ ಕಡ್ಡಿಯ ಮೇಲೆ ಎಡಕ್ಕೊಂದು ಬಲಕ್ಕೊಂದು ಕಾರ್ಬನ್ ಪಟ್ಟಿ ಇರುತ್ತದೆ. ತಿರುಗುವ ಮೊದಲ ಕಾಲುಭಾಗದಲ್ಲಿ ಅವೆರಡೂ ಸಮನಾಗಿ ಹೊಂದುವುದಿಲ್ಲ, ಮೇಲೆ ಕೊಳೆಯೂ ಕೂತಿರುತ್ತದೆ. ಅಳೆದು ನೋಡಬಹುದು: 200 ಹರ್ಟ್ಝ್ ಟೋನ್ ಮೋನೋದಲ್ಲಿ ಹಾಕಿ, ಮಲ್ಟಿಮೀಟರ್ ಎಸಿ ವೋಲ್ಟ್‌ನಲ್ಲಿಟ್ಟು ಒಂದು ಚಾನೆಲ್‌ನ ಕೆಂಪು ಕಪ್ಪು ಟರ್ಮಿನಲ್ ನಡುವೆ ಅಳೆಯಿರಿ, ನಂತರ ಇನ್ನೊಂದರದು. ಒಂದರಲ್ಲಿ 1 ವೋಲ್ಟ್, ಇನ್ನೊಂದರಲ್ಲಿ 0.89 ಬಂದರೆ ವ್ಯತ್ಯಾಸ 1 ಡೆಸಿಬಲ್. 0.8 ಬಂದರೆ ಸುಮಾರು 2, ಅಷ್ಟಕ್ಕೆ ದನಿ ಸರಿದದ್ದು ಚೆನ್ನಾಗಿಯೇ ಗೊತ್ತಾಗುತ್ತದೆ. 1000 ಹರ್ಟ್ಝ್ ಬೇಡ, ಅಗ್ಗದ ಮೀಟರುಗಳು 400ರ ಮೇಲೆ ಸರಿಯಾಗಿ ತೋರಿಸುವುದಿಲ್ಲ.

ಕೊಳೆ ತೆಗೆಯಲು ಮೊದಲು ಪ್ಲಗ್ ಕಿತ್ತು ಆಂಪನ್ನು ಸ್ವಲ್ಪ ಹೊತ್ತು ಹಾಗೇ ಬಿಡಿ, ಆಮೇಲೆ ಮುಚ್ಚಳ ತೆಗೆಯಿರಿ. ಆಗಲೂ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ, ಅವುಗಳ ಹತ್ತಿರ ಕೈ ಹಾಕಬೇಡಿ. ಕಂಟ್ರೋಲಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಭಾಗಗಳ ಕೊಳೆ ತೆಗೆಯುವ ಸ್ಪ್ರೇ) ಒಂದೇ ಸಲ ಚಿಮುಕಿಸಿ, ಈ ತುದಿಯಿಂದ ಆ ತುದಿಗೆ 20–30 ಸಲ ತಿರುಗಿಸಿ, ಪೂರ್ತಿ ಒಣಗಿದ ಮೇಲೆ ಆನ್ ಮಾಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಬೇಡಿ, ಅದು ಧೂಳು ಹಿಡಿಯುತ್ತದೆ. ಆಮೇಲೂ ವ್ಯತ್ಯಾಸ ಉಳಿದರೆ ಫೋನಿನ ವಾಲ್ಯೂಮ್ ಇಳಿಸಿ, ಆಂಪಿನ ನಾಬ್ ಗಡಿಯಾರದ ಹತ್ತು ಗಂಟೆಯ ಜಾಗದಿಂದ ಮೇಲಿಟ್ಟು ಕೇಳಿ. ಅಲ್ಲಿ ಎರಡೂ ಪಟ್ಟಿಗಳು ಹೆಚ್ಚು ಹೊಂದುತ್ತವೆ.

ಇನ್ನು ಮಂಕು. ಸ್ಪೀಕರಿನ ಹಿಂದಿನ ಟರ್ಮಿನಲ್‌ನಲ್ಲಿ ಓಮ್ ಅಳೆದರೆ 6ರ ಆಸುಪಾಸು ತೋರಿಸುತ್ತದೆ, ಆದರೆ ಅದು ವೂಫರಿನದು ಮಾತ್ರ. ಟ್ವೀಟರಿಗೆ ಹೋಗುವ ದಾರಿಯಲ್ಲಿ ಕೆಪಾಸಿಟರ್ ಇದೆ, ಅದು ಮೀಟರಿನ ಡಿಸಿಯನ್ನು ಬಿಡುವುದಿಲ್ಲ. ಆದ್ದರಿಂದ ಟ್ವೀಟರ್ ಬಿಚ್ಚಲೇಬೇಕು. ಸ್ಕ್ರೂ ತೆಗೆಯುವಾಗ ಡೋಮ್ ಮೇಲೆ ಅಂಗೈ ಅಡ್ಡ ಹಿಡಿಯಿರಿ, ಒಳಗಿನ ಅಯಸ್ಕಾಂತ ಸ್ಕ್ರೂ ಡ್ರೈವರನ್ನು ಸರಕ್ಕನೆ ಎಳೆದುಕೊಂಡರೆ ಡೋಮ್ ತೂತಾಗುತ್ತದೆ. ವೈರ್ ಕಳಚುವ ಮೊದಲು ಯಾವುದು ಪ್ಲಸ್ ಎಂದು ಫೋಟೋ ತೆಗೆದಿಟ್ಟುಕೊಳ್ಳಿ.

ಎರಡೂ ಡಬ್ಬಗಳ ಟ್ವೀಟರ್ ಅದಲುಬದಲು ಮಾಡಿ. ಮಂಕು ಟ್ವೀಟರ್ ಜೊತೆ ಹೋದರೆ ಟ್ವೀಟರೇ ಹೋಗಿದೆ. ಕಾಯಿಲ್ ಸುತ್ತ ಫೆರೋಫ್ಲೂಯಿಡ್ ಎಂಬ ಅಯಸ್ಕಾಂತೀಯ ದ್ರವ ಇರುವ ಮಾದರಿಯಾದರೆ ಅದು ಒಣಗಿ ಗಟ್ಟಿಯಾದಾಗಲೂ ಹೀಗಾಗುತ್ತದೆ, ಆಗ ಓಮ್ ಮಾತ್ರ ಸರಿಯಾಗಿಯೇ ತೋರಿಸುತ್ತದೆ. ಮಂಕು ಡಬ್ಬದಲ್ಲೇ ಉಳಿದರೆ ಕ್ರಾಸ್‌ಓವರಿನ (ದನಿಯನ್ನು ವೂಫರಿಗೂ ಟ್ವೀಟರಿಗೂ ಹಂಚುವ ಬೋರ್ಡಿನ) ಎಲೆಕ್ಟ್ರೋಲಿಟಿಕ್, ಅಂದರೆ ಒಳಗೆ ದ್ರವವಿರುವ, ಕೆಪಾಸಿಟರ್ ಒಣಗಿದೆ ಎಂದೇ ನನ್ನ ಅನುಮಾನ. ಒಣಗಿದಾಗ ಒಳಗಿನ ತಡೆ ಹೆಚ್ಚಿ ಟ್ವೀಟರಿಗೆ ಹೋಗುವ ಶಕ್ತಿ ಕುಗ್ಗುತ್ತದೆ. ಬದಲಿಸುವಾಗ ಎರಡೂ ಡಬ್ಬಗಳಲ್ಲಿ ಬದಲಿಸಿ. ಒಂದರಲ್ಲಿ ಹೊಸದು, ಇನ್ನೊಂದರಲ್ಲಿ ಹಳೆಯದು ಇದ್ದರೆ ಹೊಸ ವ್ಯತ್ಯಾಸವನ್ನು ನಾವೇ ತಂದಂತಾಗುತ್ತದೆ.

ಇನ್ನೊಬ್ಬರ ಪ್ರಶ್ನೆ: ನನ್ನ ಜೋಡಿ ಹೊಸದು. ಬಲಗಡೆ ಮಾತ್ರ ಬೇಸ್ ಗುಂಯ್ ಅನ್ನುತ್ತದೆ. ಆ ಸ್ಪೀಕರ್ ಮೂಲೆಯಲ್ಲಿದೆ, ಎಡದ್ದರ ಪಕ್ಕ ತೆರೆದ ಬಾಗಿಲು.

ಉತ್ತರ: ಅದು ಕೋಣೆಯದು. ಎರಡು ಗೋಡೆ ಸೇರುವಲ್ಲಿ ಬೇಸ್ ಉಬ್ಬುತ್ತದೆ, ಬಾಗಿಲ ಕಡೆ ಸೋರುತ್ತದೆ. ಬಲದ್ದನ್ನು ಎರಡೂ ಗೋಡೆಗಳಿಂದ ಎರಡು ಅಡಿಯಾದರೂ ಎಳೆಯಿರಿ. ನೀವು ಕೂರುವ ಜಾಗದಿಂದ ಎರಡೂ ಸ್ಪೀಕರಿಗೆ ಟೇಪ್ ಹಿಡಿಯಿರಿ. 34 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಒಂದರ ದನಿ ಒಂದು ಮಿಲಿಸೆಕೆಂಡ್ ತಡವಾಗುತ್ತದೆ, ದನಿ ಹತ್ತಿರದ ಸ್ಪೀಕರಿನ ಕಡೆ ವಾಲಲು ಅಷ್ಟು ಸಾಕು.

ಮೊದಲಿನವರು: ಕೆಪಾಸಿಟರೇ ಸರ್, ಮಂಕು ಡಬ್ಬದಲ್ಲೇ ಉಳಿಯಿತು. ಮೇಲೆ 4.7 ಮೈಕ್ರೋಫ್ಯಾರಡ್, 50 ವೋಲ್ಟ್, ಬೈಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ್ದು) ಎಂದಿದೆ. ನಮ್ಮೂರ ಅಂಗಡಿಯಲ್ಲಿ ಪ್ಲಸ್ ಮೈನಸ್ ಇರುವ ಸಾಮಾನ್ಯದ್ದು ಮಾತ್ರ ಸಿಗುತ್ತದೆ.

ಉತ್ತರ: ಒಂಟಿ ಸಾಮಾನ್ಯದ್ದನ್ನು ಹಾಕಬೇಡಿ, ಎಸಿ ಸಿಗ್ನಲ್‌ಗೆ ಅದು ಕೆಡುತ್ತದೆ. 10 ಮೈಕ್ರೋಫ್ಯಾರಡಿನ, 50 ವೋಲ್ಟಿನ ಎರಡು ತಗೊಂಡು ಮೈನಸ್‌ಗೆ ಮೈನಸ್ ಬೆಸುಗೆ ಹಾಕಿ, ಎರಡು ಪ್ಲಸ್ ಕಾಲುಗಳನ್ನು ಹಳೆಯದರ ಜಾಗಕ್ಕೆ ಕೂರಿಸಿ. ಹೀಗೆ ಒಂದರ ಹಿಂದೆ ಒಂದು ಸೇರಿಸಿದರೆ ಬೆಲೆ ಅರ್ಧವಾಗಿ ಒಟ್ಟು 5 ಆಗುತ್ತದೆ, ಹಳೆಯದರ ಶೇಕಡಾ 10ರ ಅಂದಾಜಿನೊಳಗೇ ಬರುತ್ತದೆ. ಎರಡೂ ಡಬ್ಬಕ್ಕೆ ಒಟ್ಟು ನಾಲ್ಕು ಬೇಕು. ಇದು ಸದ್ಯಕ್ಕೆ ಮಾತ್ರ. ಬೆಂಗಳೂರಿಗೆ ಹೋದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ 4.7ರ, 100 ವೋಲ್ಟಿನ ಪಾಲಿಪ್ರೊಪಿಲೀನ್ (ಪ್ಲಾಸ್ಟಿಕ್ ಪದರದ) ಕೆಪಾಸಿಟರ್ ಎರಡು ವಿಚಾರಿಸಿ. ಅದು ಗಾತ್ರದಲ್ಲಿ ದೊಡ್ಡದು, ಬೋರ್ಡಿನ ಮೇಲೆ ಜಾಗವಿದೆಯೇ ಈಗಲೇ ಅಳೆದುಕೊಳ್ಳಿ.