ಕಾರ್ಖಾನೆಯ ಕ್ಯಾಶುಯಲ್ ಕಾರ್ಮಿಕರಿಗೆ ಕನ್ನಡದಲ್ಲಿ ಏನೆನ್ನಬೇಕು?

ಎಲ್ಲರಿಗೂ ನಮಸ್ಕಾರ.

ತಯಾರಿಕಾ ಉದ್ಯಮಗಳಲ್ಲಿ ಕ್ಯಾಶುಯಲ್ ಉದ್ಯೋಗಕ್ಕೂ (ಕೆಲಸವಿದ್ದಾಗ ಮಾತ್ರ ಕರೆದು, ಇಲ್ಲದಾಗ ಬಿಟ್ಟುಬಿಡುವ ಉದ್ಯೋಗ) ಕಾರ್ಮಿಕರ ಉತ್ಪಾದಕತೆಗೂ ಇರುವ ನಂಟಿನ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಮೊದಲ ಪದದಲ್ಲೇ ತೊಡಕು.

ಕ್ಯಾಶುಯಲ್ ಕಾರ್ಮಿಕರನ್ನು ದಿನಗೂಲಿ, ಗುತ್ತಿಗೆ, ಹಂಗಾಮಿ ಎಂದು ಮನಬಂದಂತೆ ಕರೆಯುವುದು ರೂಢಿಯಾಗಿದೆ. ಆದರೆ ‘ದಿನಗೂಲಿ’ ಹೇಳುವುದು ಸಂಬಳದ ಲೆಕ್ಕವನ್ನು. ವರ್ಷಗಟ್ಟಲೆ ಒಂದೇ ಯಂತ್ರದ ಮುಂದೆ ನಿಂತವರೂ ದಿನಗೂಲಿಯವರಾಗಿರಬಹುದು. ‘ಗುತ್ತಿಗೆ’ ಎಂದೊಡನೆ ನಡುವೆ ಒಬ್ಬ ಗುತ್ತಿಗೆದಾರ ಬಂದು ನಿಲ್ಲುತ್ತಾನೆ. ‘ಹಂಗಾಮಿ’ ಎಂದರೆ ಹಂಗಾಮಿ ಸ್ಪೀಕರ್, ಹಂಗಾಮಿ ಕುಲಪತಿ ನೆನಪಾಗುತ್ತಾರೆ. ‘ತಾತ್ಕಾಲಿಕ’ ಹತ್ತಿರ ಬರುತ್ತದೆ, ಆದರೆ ಆರು ತಿಂಗಳ ನಿಶ್ಚಿತ ಅವಧಿಗೆ ಸೇರಿದವರಿಗೂ ಅದೇ ಪದ. ಕ್ಯಾಶುಯಲ್ ಕಾರ್ಮಿಕರಿಗೆ ಆರು ತಿಂಗಳಿರಲಿ, ನಾಳೆಯ ಭರವಸೆಯೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2016ರ ವರದಿ ಕ್ಯಾಶುಯಲ್ ಕೆಲಸವನ್ನು ತಾತ್ಕಾಲಿಕ ಉದ್ಯೋಗದ ಒಂದು ಬಗೆಯೆಂದು ಎಣಿಸಿ, ಏಜೆನ್ಸಿಗಳ ಮೂಲಕ ಬರುವ ಕೆಲಸವನ್ನು ಬೇರೆ ಗುಂಪಿಗೇ ಸೇರಿಸಿದೆ.

ಇದು ಬರಿಯ ನಿಘಂಟಿನ ತಕರಾರಲ್ಲ. ‘ದಿನಗೂಲಿಯವರು ಹೆಚ್ಚಿದಂತೆ ಉತ್ಪಾದಕತೆ ಇಳಿಯುತ್ತದೆ’ ಎಂದು ಬರೆದರೆ ದೂರು ದುಡಿಯುವವರ ಮೇಲೆಯೇ ಬೀಳುತ್ತದೆ. ನಾಳೆ ಇರುತ್ತಾರೋ ಇಲ್ಲವೋ ಗೊತ್ತಿಲ್ಲದವರ ತರಬೇತಿಗೆ ಸಂಸ್ಥೆಗಳು ಹಣ ಹಾಕಲು ಹಿಂಜರಿಯುತ್ತವೆ ಎಂಬುದು ಮರೆಯಾಗುತ್ತದೆ. ಲೇತ್‌ನ ಟೂಲ್ ಸವೆದದ್ದನ್ನು ಸದ್ದಿನಿಂದಲೇ ಗುರುತಿಸುವಷ್ಟು ಪಳಗಲು ಕಾಲ ಬೇಕು. ಆ ಕಾಲವೇ ಇವರಿಗೆ ಸಿಗುವುದಿಲ್ಲ.

‘ಉತ್ಪಾದನೆ’ ಮತ್ತು ‘ಉತ್ಪಾದಕತೆ’ಗಳನ್ನು ಬೆರೆಸುವುದೂ ಇಷ್ಟೇ ಅಪಾಯಕಾರಿ. ಹತ್ತು ಮಂದಿ ಎಂಟು ಗಂಟೆಯಲ್ಲಿ 240 ಬಿಡಿಭಾಗ ಮಾಡುತ್ತಾರೆ ಎನ್ನಿ. ಆ 240 ಉತ್ಪಾದನೆ. ಒಬ್ಬರಿಂದ ಗಂಟೆಗೆ 3, ಇದು ಉತ್ಪಾದಕತೆ. ಇನ್ನೂ ಐವರನ್ನು ಕರೆದಾಗ ಒಟ್ಟು 300 ಆಯಿತು. ಉತ್ಪಾದನೆ ಏರಿತು, ಉತ್ಪಾದಕತೆ 2.5ಕ್ಕೆ ಇಳಿಯಿತು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಸುದ್ದಿಯೇ ತಲೆಕೆಳಗಾಗುತ್ತದೆ. ‘ದಕ್ಷತೆ’ಯನ್ನು ಇಲ್ಲಿ ಎಳೆದು ತರುವುದು ನನಗೆ ಸರಿಕಾಣುವುದಿಲ್ಲ, ಅದು ವ್ಯಕ್ತಿಯ ಗುಣದಂತೆ ಕೇಳಿಸುತ್ತದೆ.

ಈಗ ನನ್ನ ಪ್ರಶ್ನೆ. ಕ್ಯಾಶುಯಲ್ ಲೀವ್‌ಗೆ ‘ಸಾಂದರ್ಭಿಕ ರಜೆ’ ಎನ್ನುತ್ತೇವೆ. ಅದೇ ಜಾಡಿನಲ್ಲಿ ‘ಸಾಂದರ್ಭಿಕ ಕಾರ್ಮಿಕ’ ಎನ್ನಬಹುದೇ? ರಜೆಯಲ್ಲಿ ಸಂದರ್ಭ ನೌಕರನದು, ಇಲ್ಲಿ ಸಂದರ್ಭ ಮಾಲೀಕನದು. ಆದ್ದರಿಂದ ನನ್ನ ಮನಸ್ಸು ಒಪ್ಪುತ್ತಿಲ್ಲ. ‘ಅನಿಶ್ಚಿತ ಉದ್ಯೋಗ’ ಅರ್ಥಕ್ಕೆ ಹೊಂದುತ್ತದೆ, ಆದರೆ ‘ಅನಿಶ್ಚಿತ ಕಾರ್ಮಿಕ’ ಎನ್ನಲಾಗದು. ಕಾರ್ಖಾನೆಗಳಲ್ಲಿ ದುಡಿದವರು, ಹಾಜರಿ ಪುಸ್ತಕ ನೋಡಿಕೊಂಡವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಇವರ ಹೆಸರಿನ ಮುಂದೆ ನೀವು ಏನೆಂದು ಬರೆಯುತ್ತಿದ್ದಿರಿ? ‘ಕ್ಯಾಶುಯಲ್’ ಪದವನ್ನೇ ಉಳಿಸಿಕೊಂಡರೆ ಓದುಗರಿಗೆ ತೊಡಕಾಗುವುದೇ?