ಮೊದಲ ಜೆಟ್ ಸ್ಕೀ: ಸೇಂಟ್ ಜಾನ್ಸ್ ನದಿಯಲ್ಲಿ ನಿಧಾನವಾಗಿ ಸುತ್ತಾಡಲು ಯಾವುದನ್ನು ಕೊಳ್ಳಲಿ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಫ್ಲಾರಿಡಾದ ಜಾಕ್ಸನ್‌ವಿಲ್‌ನ ದಕ್ಷಿಣ ಭಾಗದಲ್ಲಿ, ಜೂಲಿಂಗ್ಟನ್ ಕ್ರೀಕ್‌ನ ಹತ್ತಿರ ಇದ್ದೇವೆ. ನನ್ನ ಊರು ತೀರ್ಥಹಳ್ಳಿ. ಮನೆಯಿಂದ ಸ್ವಲ್ಪ ದೂರದಲ್ಲೇ ಸೇಂಟ್ ಜಾನ್ಸ್ ನದಿ ಇರುವಾಗ ಅದನ್ನು ಸೇತುವೆಯ ಮೇಲಿನಿಂದ ಮಾತ್ರ ನೋಡುತ್ತಿರುವುದು ಇನ್ನು ಸಾಕು ಎನ್ನಿಸಿದೆ. ಒಂದು ಜೆಟ್ ಸ್ಕೀ (ನೀರಿನ ಮೇಲೆ ಓಡಿಸುವ ಬೈಕಿನಂಥ ಗಾಡಿ) ಕೊಳ್ಳಬೇಕೆಂದು ಮನೆಯಲ್ಲಿ ಮಾತಾಗಿದೆ.

ನಮಗೆ ವೇಗದ ಹುಚ್ಚಿಲ್ಲ, ಅಲೆ ಹಾರಿಸುವ ಆಸೆಯೂ ಇಲ್ಲ. ಬೆಳಿಗ್ಗೆ ಹೊರಟು ದಡದ ಸೈಪ್ರೆಸ್ ಮರಗಳನ್ನೂ ಮೀನು ಹಿಡಿಯುವ ಹದ್ದುಗಳನ್ನೂ ನೋಡುತ್ತಾ ಗ್ರೀನ್ ಕೋವ್ ಸ್ಪ್ರಿಂಗ್ಸ್‌ವರೆಗೆ ಹೋಗಿ ಬರಬೇಕು, ಅಷ್ಟೆ. ನಾನು, ಹೆಂಡತಿ, 11 ವರ್ಷದ ಮಗ. ಮಳಿಗೆಗೆ ಹೋದರೆ ಅಲ್ಲಿನವರು 300 ಅಶ್ವಶಕ್ತಿಯ ಮಾದರಿಯನ್ನೇ ಮುಂದೆ ಮಾಡುತ್ತಾರೆ. ‘ಚಿಕ್ಕದನ್ನು ಕೊಂಡರೆ ವರ್ಷದಲ್ಲಿ ಬೇಸರವಾಗುತ್ತದೆ’ ಎನ್ನುತ್ತಾರೆ. ಇನ್ನೊಂದೆಡೆ, ಪುಟ್ಟ ಸೀ-ಡೂ ಸ್ಪಾರ್ಕ್‌ನ ಬೆಲೆ ನೋಡಿದರೆ ಅದೇ ಸಾಕೇನೋ ಅನ್ನಿಸುತ್ತದೆ. ನಮ್ಮ ಕಾರು ಹೋಂಡಾ ಸಿಆರ್-ವಿ, ಪೆಟ್ರೋಲ್ ಮಾದರಿ. ಎಳೆಯುವ ಮಿತಿ 1,500 ಪೌಂಡ್ ಎಂದು ಕೈಪಿಡಿಯಲ್ಲಿದೆ. ಅನುಭವವಿರುವವರು ದಯವಿಟ್ಟು ದಾರಿ ತೋರಿಸಬೇಕು.

ಆಚೆದಡ

ತುಂಗಾತೀರ ಅವರೇ, ನಾನು ನಿಮ್ಮ ಎದುರು ದಡದವನು, ಆರೆಂಜ್ ಪಾರ್ಕ್‌ನಲ್ಲಿದ್ದೇನೆ. ಇದೇ ನೀರಿನಲ್ಲಿ ಹಲವು ವರ್ಷಗಳಿಂದ ಯಮಹಾ ವಿಎಕ್ಸ್ ಕ್ರೂಸರ್ ಎಂಬ ಜೆಟ್ ಸ್ಕೀ ಓಡಿಸುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲ ಮಾತು: ಬೆಳಗಿನ ಎಂಟು ಗಂಟೆಯ ನದಿಯನ್ನು ನೋಡಿ ಆರಿಸಬೇಡಿ, ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಮರಳುವ ದಾರಿಯನ್ನು ನೆನೆದು ಆರಿಸಿ. ಬಕ್‌ಮನ್ ಸೇತುವೆಯ ಹತ್ತಿರ ಈ ನದಿ ಸುಮಾರು ಐದು ಕಿಲೋಮೀಟರ್ ಅಗಲವಿದೆ. ಬೆಳಿಗ್ಗೆ ನೀರು ತಟ್ಟೆಯಂತಿರುತ್ತದೆ. ಮಧ್ಯಾಹ್ನ ಸಮುದ್ರದ ಗಾಳಿ ಎದ್ದಿತೆಂದರೆ ಒತ್ತೊತ್ತಾಗಿ, ಗಿಡ್ಡನೆಯ ಅಲೆಗಳು ಬರುತ್ತವೆ. ಎತ್ತರ ಹೆಚ್ಚಿಲ್ಲ, ಆದರೆ ಒಂದರ ಬೆನ್ನಿಗೆ ಇನ್ನೊಂದು. ಹಗುರವಾದ ಗಾಡಿ ಪ್ರತಿಯೊಂದರ ಮೇಲೂ ಪುಟಿಯುತ್ತದೆ, ಭಾರವಾದದ್ದು ಸೀಳಿಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಇದರ ಮೇಲೆ ಗುಡುಗು ಮಳೆ ಬೇರೆ. ಹಿಂದೆ ಮಗನನ್ನು ಕೂರಿಸಿಕೊಂಡಿರುವಾಗ ನಿಮ್ಮನ್ನು ಕಾಯುವುದು ಗಾಡಿಯ ಒಡಲಿನ ಉದ್ದ ಮತ್ತು ತೂಕ. ಅಶ್ವಶಕ್ತಿಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ.

ಸ್ಪಾರ್ಕ್ ಸುಮಾರು 200 ಕಿಲೋ ತೂಗುತ್ತದೆ, ಟ್ಯಾಂಕ್ 30 ಲೀಟರ್. ವಿಎಕ್ಸ್ ಕ್ರೂಸರ್ ಅಥವಾ ಸೀ-ಡೂ ಜಿಟಿಐ ತರಗತಿಯವು 300 ಕಿಲೋ ಮೀರುತ್ತವೆ, ಟ್ಯಾಂಕ್ 70 ಲೀಟರ್. ಕವಾಸಾಕಿ ಎಸ್‌ಟಿಎಕ್ಸ್ 160 ಕೂಡ ಇದೇ ಸಾಲಿನದು, ಅದರ ಟ್ಯಾಂಕ್ 78 ಲೀಟರ್. ಇಂಧನದ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದ ಭಾಗ ಆಪತ್ತಿಗೆ ಎಂಬುದು ದೋಣಿಯವರ ಹಳೆಯ ಲೆಕ್ಕ. 30 ಲೀಟರ್‌ನಲ್ಲಿ ಈ ಲೆಕ್ಕ ಹಾಕಿದರೆ ಹೋಗಲು ಸಿಗುವುದು 10 ಲೀಟರ್ ಮಾತ್ರ, 70 ಲೀಟರ್‌ನಲ್ಲಿ ಅದರ ಎರಡರಷ್ಟಕ್ಕಿಂತ ಹೆಚ್ಚು.

300 ಅಶ್ವಶಕ್ತಿಯ ಮಾತು ಬಿಡಿ. ಅವುಗಳಲ್ಲಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಇರುತ್ತದೆ, ದುಬಾರಿ ಪ್ರೀಮಿಯಂ ಪೆಟ್ರೋಲ್ ಕೇಳುತ್ತದೆ, ನಿಗಾ ಹೆಚ್ಚು ಬೇಡುತ್ತದೆ. ವಿಎಕ್ಸ್‌ನ 1,049 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಸಾಮಾನ್ಯ ಪೆಟ್ರೋಲ್‌ನಲ್ಲಿ ಓಡುತ್ತದೆ. ನೀವು ಹೇಳಿದ ಬಗೆಯ ಪಯಣಕ್ಕೆ ಅದು ಧಾರಾಳವಾಯಿತು. ಅದರಲ್ಲಿನ ಒಂದು ಗುಂಡಿ ನನಗೆ ಬಹಳ ಇಷ್ಟ: ಅಲೆ ಎಬ್ಬಿಸದೆ ಒಂದೇ ನಿಧಾನಗತಿಯಲ್ಲಿ ಹೋಗುವ ವ್ಯವಸ್ಥೆ. ಇಲ್ಲಿನ ದಡದುದ್ದಕ್ಕೂ ಮ್ಯಾನಟೀ (ಕಡಲ ಹಸು) ಎಂಬ ನೀರಿನ ಪ್ರಾಣಿಗಳಿಗಾಗಿ ನಿಧಾನ ವೇಗದ ವಲಯಗಳಿವೆ. ಆ ಭಾರೀ ಸಾಧು ಪ್ರಾಣಿಗಳ ಬೆನ್ನ ಮೇಲೆ ದೋಣಿಗಳಿಂದಾದ ಗಾಯದ ಗುರುತುಗಳನ್ನು ನೋಡಿದವರು ವೇಗದ ಫಲಕವನ್ನು ಮರೆಯುವುದಿಲ್ಲ.

ಬ್ರೇಕ್ ಇಲ್ಲದ ಹಳೆಯ ಮಾದರಿಯನ್ನು ಮೊದಲ ಗಾಡಿಯಾಗಿ ಖಂಡಿತ ಕೊಳ್ಳಬೇಡಿ. ಸೀ-ಡೂನಲ್ಲಿ ಐಬಿಆರ್ ಎಂಬ ಬ್ರೇಕ್-ರಿವರ್ಸ್ ವ್ಯವಸ್ಥೆ 2009ರಲ್ಲಿ ಬಂದಿತು, ಯಮಹಾದಲ್ಲಿ ರೈಡ್ ಎಂಬುದು ಕೆಲವು ವರ್ಷಗಳ ನಂತರ ಬಂದಿತು. ಇದು ಏಕೆ ಮುಖ್ಯವೆಂದರೆ, ಜೆಟ್ ಸ್ಕೀಯನ್ನು ತಿರುಗಿಸುವುದು ಹಿಂದಿನಿಂದ ಚಿಮ್ಮುವ ನೀರು. ಆಕ್ಸಿಲರೇಟರ್ ಬಿಟ್ಟರೆ ನೀರು ಚಿಮ್ಮುವುದು ನಿಲ್ಲುತ್ತದೆ, ಹ್ಯಾಂಡಲ್ ಎಷ್ಟು ತಿರುಗಿಸಿದರೂ ಗಾಡಿ ನೇರವಾಗಿಯೇ ಹೋಗುತ್ತದೆ. ಎದುರಿಗೆ ಏನಾದರೂ ಬಂದಾಗ ಕೈ ತಾನಾಗಿ ಆಕ್ಸಿಲರೇಟರ್ ಬಿಡುತ್ತದೆ. ಹೊಸಬರ ಅಪಘಾತಗಳ ಮೂಲ ಇಲ್ಲಿದೆ. ಖಾಲಿ ನೀರಿನಲ್ಲಿ, ಬೇರೆ ಯಾರೂ ಹತ್ತಿರವಿಲ್ಲದಾಗ, ಆಕ್ಸಿಲರೇಟರ್ ಸ್ವಲ್ಪ ಹಿಡಿದೇ ತಿರುಗಿಸುವುದನ್ನು ಕೈಗೆ ಕಲಿಸಿ. ಮಗನನ್ನು ಕೂರಿಸಿಕೊಳ್ಳುವುದು ಅದಾದ ಮೇಲೆ.

ನಿಮ್ಮ ಕಾರಿಗೆ ತೊಂದರೆಯಿಲ್ಲ. 1,500 ಪೌಂಡ್ ಎಂದರೆ ಸುಮಾರು 680 ಕಿಲೋ. ಗಾಡಿ, ತುಂಬಿದ ಟ್ಯಾಂಕ್, ಹಗುರವಾದ ಒಂಟಿ ಟ್ರೈಲರ್ ಸೇರಿದರೆ 500 ಕಿಲೋ ಆಸುಪಾಸು. ಕಾರಿನೊಳಗೆ ಜನ ಮತ್ತು ಸಾಮಾನು ಎಷ್ಟಿರಬಹುದು ಎಂಬುದನ್ನೂ ಕೈಪಿಡಿಯಲ್ಲಿ ಓದಿಕೊಳ್ಳಿ.

ಗುಡ್ಡದಕೆರೆ

ಆಚೆದಡ ಅವರ ಮಾತಿಗೆ ಗೌರವವಿದೆ, ಆದರೆ ಸ್ಪಾರ್ಕ್ ಅನ್ನು ಅಷ್ಟು ಬೇಗ ಬದಿಗಿಡಬಾರದು. ನಾನಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ, ಓಡಿಸುವುದು ಲೇಕ್ ಟ್ರಾವಿಸ್‌ನಲ್ಲಿ. ನನ್ನದು ಮೂರು ಸೀಟಿನ, 90 ಅಶ್ವಶಕ್ತಿಯ ಸ್ಪಾರ್ಕ್. ಗ್ಯಾರೇಜಿನಲ್ಲಿ ಟ್ರೈಲರ್ ಸಮೇತ ಕೂರುತ್ತದೆ, ಟ್ರೈಲರನ್ನು ಒಬ್ಬನೇ ಕೈಯಿಂದ ತಳ್ಳಿ ತಿರುಗಿಸಬಹುದು. ವಾರದ ದಿನ ಸಂಜೆ ಕೆಲಸ ಮುಗಿಸಿ ಒಂದು ಗಂಟೆ ನೀರಿಗಿಳಿದು ಬರುವುದು ಈ ಹಗುರತನದಿಂದಲೇ ಸಾಧ್ಯವಾಗಿದೆ. ದೊಡ್ಡದನ್ನು ಕೊಂಡ ನನ್ನ ಗೆಳೆಯ ಅದನ್ನು ಹೊರಗೆ ತೆಗೆಯುವುದೇ ಒಂದು ದಿನದ ಕೆಲಸ ಎನ್ನುತ್ತಾನೆ.

ಆದರೆ ನಿಜ ಹೇಳಬೇಕು. ಇಬ್ಬರಿಗೆ ಇದು ಚೆನ್ನ, ಇಬ್ಬರು ದೊಡ್ಡವರ ಜೊತೆ ಬೆಳೆಯುತ್ತಿರುವ ಹುಡುಗ ಎಂದರೆ ಇಕ್ಕಟ್ಟು. ಸಾಮಾನು ಇಡಲು ಜಾಗ ಕಡಿಮೆ. ಐದು ಕಿಲೋಮೀಟರ್ ಅಗಲದ ನದಿಯನ್ನು ದಾಟುವ ಪ್ರಸಂಗ ನನಗೆ ಬಂದಿಲ್ಲ. ನೀವು ಜೂಲಿಂಗ್ಟನ್ ಕ್ರೀಕ್‌ನ ಒಳಗೇ ಸುತ್ತಾಡುವುದಾದರೆ ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಕುಂದಾಪುರದವಳು

ಎಲ್ಲರೂ ಓಡಿಸುವವರ ಸೀಟಿನಿಂದ ಬರೆಯುತ್ತಿದ್ದೀರಿ. ನಾನು ಹಿಂದಿನ ಸೀಟಿನ ಪರವಾಗಿ ಹೇಳುತ್ತೇನೆ, ಏಕೆಂದರೆ ತುಂಗಾತೀರ ಅವರ ಮನೆಯವರು ಹೆಚ್ಚು ಹೊತ್ತು ಕೂರುವುದು ಅಲ್ಲೇ.

ಹಿಂದೆ ಕುಳಿತವರು ಬೆನ್ನ ಹಿಂದಕ್ಕೆ ಬಿದ್ದರೆ ಜೆಟ್‌ನಿಂದ ಚಿಮ್ಮುವ ನೀರು ಅತಿ ಒತ್ತಡದಲ್ಲಿ ದೇಹದ ಕೆಳಭಾಗಕ್ಕೆ ಹೊಡೆಯಬಹುದು. ಒಳ ಅಂಗಾಂಗಗಳಿಗೆ ಗಂಭೀರ ಗಾಯವಾಗುತ್ತದೆ. ಸಾಮಾನ್ಯ ಈಜುಡುಗೆ ಇದನ್ನು ತಡೆಯುವುದಿಲ್ಲ, ನಿಯೋಪ್ರೀನ್ ಎಂಬ ರಬ್ಬರಿನಂಥ ಬಟ್ಟೆಯ ದಪ್ಪ ಚಡ್ಡಿ ಅಥವಾ ಮೈ ಮುಚ್ಚುವ ವೆಟ್‌ಸೂಟ್ ಬೇಕು. ಪ್ರತಿಯೊಂದು ಗಾಡಿಯ ಎಚ್ಚರಿಕೆಯ ಚೀಟಿಯಲ್ಲೂ ಇದು ಬರೆದಿರುತ್ತದೆ, ಓದುವವರು ಕಡಿಮೆ. ಹೆಣ್ಣುಮಕ್ಕಳು ಇದನ್ನು ಸಂಕೋಚವಿಲ್ಲದೆ ಒಬ್ಬರಿಗೊಬ್ಬರು ಹೇಳಬೇಕು, ಹಾಗೆಂದೇ ಇಲ್ಲಿ ಬಿಡಿಸಿ ಬರೆದೆ. ಹಿಂದಿನ ಸೀಟಿನಲ್ಲಿ ಯಾರಿದ್ದರೂ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಬೇಡಿ. ಸೀಟು ಮೆಟ್ಟಿಲಿನಂತೆ ಹಿಂದಕ್ಕೆ ಏರಿರುವ, ಹಿಡಿಯಲು ಗಟ್ಟಿ ಹಿಡಿ ಇರುವ ಮಾದರಿಯನ್ನೇ ಆರಿಸಿ. ಕೊಳ್ಳುವ ಮೊದಲು ನಿಮ್ಮ ಹೆಂಡತಿಯವರನ್ನು ಅದರ ಮೇಲೆ ಅರ್ಧ ಗಂಟೆ ಕೂರಿಸಿ ಕೇಳಿ.

ಕಾನೂನು: ಫ್ಲಾರಿಡಾದಲ್ಲಿ 14 ವರ್ಷ ತುಂಬದವರು ಓಡಿಸುವಂತಿಲ್ಲ, ಆದ್ದರಿಂದ ಮಗ ಸದ್ಯಕ್ಕೆ ಪ್ರಯಾಣಿಕ. 1988ರ ಜನವರಿ 1 ಅಥವಾ ಅನಂತರ ಹುಟ್ಟಿದವರು ಓಡಿಸಬೇಕಾದರೆ ದೋಣಿ ಸುರಕ್ಷತಾ ಶಿಕ್ಷಣದ ಗುರುತಿನ ಚೀಟಿ ಬೇಕು. ಅದಕ್ಕೆ ಮೊದಲು ಹುಟ್ಟಿದ್ದರೂ ನೀವಿಬ್ಬರೂ ಆ ಪಾಠ ಓದಿ ಎಂದು ಬೇಡಿಕೊಳ್ಳುತ್ತೇನೆ. ಗಾಡಿಯ ಮೇಲಿರುವ ಎಲ್ಲರಿಗೂ ಲೈಫ್ ಜಾಕೆಟ್ ಕಡ್ಡಾಯ, ಗಾಳಿ ತುಂಬಿಕೊಳ್ಳುವ ಬಗೆಯದು ನಡೆಯುವುದಿಲ್ಲ. ಎಂಜಿನ್ ನಿಲ್ಲಿಸುವ ದಾರ ಓಡಿಸುವವರ ಮೈಗೆ ಕಟ್ಟಿರಬೇಕು. ಸೂರ್ಯಾಸ್ತವಾಗಿ ಅರ್ಧ ಗಂಟೆ ಕಳೆದ ಮೇಲೆ ನೀರಿನಲ್ಲಿರುವಂತಿಲ್ಲ.

ಕಾಲು ತಾಗದ ನೀರಿನಲ್ಲಿ ಮತ್ತೆ ಹತ್ತುವ ಅಭ್ಯಾಸ ಮೂವರೂ ಮಾಡಬೇಕು. ಗಾಡಿ ಮಗುಚಿದರೆ ಯಾವ ದಿಕ್ಕಿಗೆ ಹೊರಳಿಸಬೇಕು ಎಂಬ ಚೀಟಿ ಹಿಂಭಾಗದಲ್ಲಿ ಇರುತ್ತದೆ. ವಿರುದ್ಧ ದಿಕ್ಕಿಗೆ ಹೊರಳಿಸಿದರೆ ಎಂಜಿನ್‌ಗೆ ನೀರು ನುಗ್ಗಬಹುದು.

ತುಂಗಾತೀರ

ಮೂವರಿಗೂ ಮನಸಾರೆ ಕೃತಜ್ಞತೆ. ನಿಯೋಪ್ರೀನ್ ವಿಷಯ ನಮಗಿಬ್ಬರಿಗೂ ಗೊತ್ತೇ ಇರಲಿಲ್ಲ. ಹೆಂಡತಿ ಹುಟ್ಟಿದ್ದು 1989ರಲ್ಲಿ, ಇವತ್ತೇ ಪಾಠಕ್ಕೆ ಸೇರಿಕೊಂಡಿದ್ದಾಳೆ. ನಾನೂ ಜೊತೆಗೆ ಓದುತ್ತೇನೆ.

ಹೊಸ ವಿಎಕ್ಸ್ ಕ್ರೂಸರ್ ಹತ್ತು ಸಾವಿರ ಡಾಲರ್ ದಾಟುತ್ತದೆ, ಅದು ಈಗ ಕೈಗೆಟುಕದು. ಹತ್ತಿರದಲ್ಲೇ ಒಬ್ಬರು ತಮ್ಮ 2019ರ ವಿಎಕ್ಸ್ ಕ್ರೂಸರ್ ಮಾರುತ್ತಿದ್ದಾರೆ. ಟ್ರೈಲರ್ ಸಹ ಇದೆ. ನೋಡಲು ಹೋಗುವಾಗ ಏನೇನು ಗಮನಿಸಬೇಕು? ಕೊಂಡ ಮೇಲೆ ನೋಡಿಕೊಳ್ಳುವುದು ಎಷ್ಟು ಕಷ್ಟ?

ಆಚೆದಡ

ಒಳ್ಳೆಯ ಮಾದರಿ. ಅಂಗಳದಲ್ಲಿ ಎಂಜಿನ್ ಶುರುಮಾಡಿ ತೋರಿಸಿದರೆ ಒಪ್ಪಬೇಡಿ, ನೀರಿಗೆ ಇಳಿಸಿಯೇ ನೋಡಬೇಕು. ಎಂಜಿನ್ ವೇಗ ಏರಿದಷ್ಟು ಗಾಡಿ ಮುಂದೆ ಹೋಗದಿದ್ದರೆ ಪಂಪ್‌ನೊಳಗೆ ನೀರು ತಳ್ಳುವ ಇಂಪೆಲ್ಲರ್ ಎಂಬ ಚಕ್ರಕ್ಕೆ ಪೆಟ್ಟಾಗಿರಬಹುದು. ಸೀಟು ತೆಗೆದು ಒಳಗೆ ಟಾರ್ಚ್ ಹಾಕಿ: ತಳದಲ್ಲಿ ಎಣ್ಣೆ ಇದೆಯೇ, ಲೋಹದ ಮೇಲೆ ಉಪ್ಪಿನ ಬಿಳಿ ಪದರ ಕಟ್ಟಿದೆಯೇ ನೋಡಿ. ಎಷ್ಟು ಗಂಟೆ ಓಡಿದೆ ಎಂಬುದು ಪರದೆಯ ಮೇಲೇ ಬರುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ವರ್ಷವರ್ಷದ ಎಣ್ಣೆ ಬದಲಾವಣೆಯ ರಸೀದಿಗಳು ಆ ಗಂಟೆಗಳಿಗಿಂತ ಹೆಚ್ಚು ಮಾತಾಡುತ್ತವೆ. ಒಡಲಿನ ಹಿಂಭಾಗದಲ್ಲಿ 12 ಅಕ್ಷರಗಳ ಗುರುತಿನ ಸಂಖ್ಯೆ ಇರುತ್ತದೆ, ಅದು ಮಾಲೀಕತ್ವದ ಪತ್ರಕ್ಕೆ ತಾಳೆಯಾಗಬೇಕು. ಕೊಂಡ 30 ದಿನಗಳೊಳಗೆ ಕೌಂಟಿಯ ತೆರಿಗೆ ಕಚೇರಿಯಲ್ಲಿ ಹೆಸರು ಬದಲಾಯಿಸಿ. ಟ್ರೈಲರ್‌ನ ಚಕ್ರದ ಬೇರಿಂಗ್‌ಗಳನ್ನು ಮರೆಯಬೇಡಿ. ಹೆದ್ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಅವೇ.

ನೋಡಿಕೊಳ್ಳುವುದು ಕಷ್ಟವಲ್ಲ, ತಪ್ಪಿಸುವಂತಿಲ್ಲ ಅಷ್ಟೆ. ಸಮುದ್ರದ ಉಬ್ಬರ ಈ ನದಿಯೊಳಗೆ ಬಹು ದೂರ ನುಗ್ಗುತ್ತದೆ, ನಮ್ಮ ಭಾಗದ ನೀರಿನಲ್ಲಿ ಉಪ್ಪಿದೆ. ಯಮಹಾದ ಎಂಜಿನ್ ತಂಪಾಗುವುದು ಇದೇ ನೀರಿನಿಂದ. ಹಾಗಾಗಿ ಪ್ರತಿ ಸಲ ಮನೆಗೆ ಬಂದೊಡನೆ ಸಿಹಿನೀರು ಹಾಯಿಸಬೇಕು. ಕ್ರಮ ಇಷ್ಟೇ: ಪೈಪ್ ಜೋಡಿಸಿ, ಮೊದಲು ಎಂಜಿನ್, ಆಮೇಲೆ ನಲ್ಲಿ; ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಎಂಜಿನ್. ಎಂಜಿನ್ ನಿಂತಿರುವಾಗ ನಲ್ಲಿ ತೆರೆದಿದ್ದರೆ ನೀರು ಎಂಜಿನ್‌ನ ಒಳಗೇ ಸೇರುತ್ತದೆ. ಸೀ-ಡೂನಲ್ಲಿ ಎಂಜಿನ್‌ಗೆ ಬೇರೆ ಕೂಲೆಂಟ್ ಇದೆ, ಆದರೂ ಹೊಗೆಯ ಮಾರ್ಗಕ್ಕೆ ನದಿಯ ನೀರೇ ಹೋಗುವುದರಿಂದ ತೊಳೆಯುವ ಕೆಲಸ ಅಲ್ಲಿಯೂ ತಪ್ಪುವುದಿಲ್ಲ.

ನೀರಿನಲ್ಲಿ ಎರಡನ್ನು ಕಣ್ಣಿಟ್ಟು ನೋಡುತ್ತಿರಿ. ಒಂದು, ಏಡಿ ಹಿಡಿಯುವ ಬುಟ್ಟಿಗಳ ತೇಲುಗುಂಡು. ಅದರ ಹಗ್ಗ ಪಂಪ್‌ಗೆ ಸುತ್ತಿದರೆ ಅಲ್ಲಿಗೇ ಪಯಣ ಮುಗಿಯಿತು. ಇನ್ನೊಂದು ಅಂತರಗಂಗೆ. ಬೆಂಗಳೂರಿನ ಕೆರೆಗಳನ್ನು ಮುಚ್ಚುವ ಅದೇ ನೇರಳೆ ಹೂವಿನ ಕಳೆ ಈ ನದಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇದೆ. ಅದರ ಮೇಲೆ ಹೋದರೆ ನೀರು ಹೀರುವ ಬಾಯಿ ಕಟ್ಟಿಕೊಳ್ಳುತ್ತದೆ. ಎಂಜಿನ್ ನಿಲ್ಲಿಸಿ, ದಾರ ಕಿತ್ತು, ಆಮೇಲಷ್ಟೇ ಕೈ ಹಾಕಿ. ಸೊಂಟಕ್ಕಿಂತ ಕಡಿಮೆ ಆಳದಲ್ಲಿ ಎಂಜಿನ್ ಓಡಿಸದಿದ್ದರೆ ಮರಳೂ ಒಳಗೆ ಹೋಗುವುದಿಲ್ಲ.

ಎರಡು ಕಾಗದದ ಕೆಲಸ: ನಿಮ್ಮ ಬಡಾವಣೆಯ ಸಂಘ ಮನೆಯ ಮುಂದೆ ಟ್ರೈಲರ್ ನಿಲ್ಲಿಸಲು ಬಿಡುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ, ಅನೇಕ ಕಡೆ ಬಿಡುವುದಿಲ್ಲ. ವಿಮೆ ಫ್ಲಾರಿಡಾದಲ್ಲಿ ಕಡ್ಡಾಯವಲ್ಲ, ಆದರೆ ಇನ್ನೊಬ್ಬರಿಗೆ ಗಾಯವಾದರೆ ಏನು ಗತಿ ಎಂದು ಯೋಚಿಸಿ ಮಾಡಿಸಿಕೊಳ್ಳಿ.

ಗಾಡಿ ನೋಡಲು ಹೋಗುವ ದಿನ ಇಲ್ಲಿ ಒಂದು ಸಾಲು ಬರೆಯಿರಿ. ಶನಿವಾರವಾದರೆ ನಾನೂ ಬರುತ್ತೇನೆ, ಟಾರ್ಚ್ ಮತ್ತು ಸಿಲಿಂಡರ್‌ನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ನನ್ನಲ್ಲಿವೆ.