ಕಾಕಾನ ಟೊಮ್ಯಾಟೊ, ಕಾಕೂನ ಚೆಂಡು ಹೂ

ಗುಂಪು: ಮನಿ ಮಂದಿ, ಬೆಳಗಾವಿ

ಸಂಜು: (ಫಾರ್ವರ್ಡ್) ಟೊಮ್ಯಾಟೊ ಸುತ್ತ ಚೆಂಡು ಹೂ ಹಚ್ಚಿ. ಅದರ ವಾಸನೆಗೆ ಒಂದು ಹುಳವೂ ಹತ್ತಿರ ಬರಲ್ಲ!! ಹತ್ತು ಗುಂಪಿಗೆ ಕಳಿಸಿ 🙏

ಕಾಕಾ: ನನಗೆ ಹೇಳಬೇಡ ತಮ್ಮಾ. ಹೋದ ವರ್ಷ ಇಂಥದ್ದೇ ಓದಿ ಹಚ್ಚಿದ್ದೆ. ಹುಳ ಓಡಲಿಲ್ಲ, ಬೀಗರ ಹಾಗೆ ಬಂದು ಕೂತವು.

ಕಾಕು: ಆ ಹೂವನ್ನೇ ದೀಪಾವಳಿಗೆ ಮಾಲೆ ಕಟ್ಟಿದೆ. ಆರತಿ ಎತ್ತಿದರೆ ಲಕ್ಷ್ಮಿ ಫೋಟೊ ಮೇಲೆ ಹಸಿರು ಕೀಡಿ ಹರಿದಾಡ್ತಿತ್ತು.

ಸಂಜು: 😂😂

ವಿದ್ಯಾ: ಕಾಕಾ, ಹೂವಿಗೆ ಬಂದಿದ್ದು ಒಳ್ಳೇದೇ ಅಲ್ವಾ? ಸಂಜು ಕಳಿಸಿದ್ದು ಉಲ್ಟಾ. ಕಾಯಿ ಕೊರೆಯೋ ಹುಳದ ಪತಂಗವನ್ನು ಚೆಂಡು ಹೂ ಓಡಿಸಲ್ಲ, ಕರೆಯುತ್ತೆ. ಹೆಣ್ಣು ಪತಂಗ ಬಂದು ಮೊಗ್ಗಿನ ಮೇಲೆ ಮೊಟ್ಟೆ ಇಡುತ್ತೆ. ಟೊಮ್ಯಾಟೊ ಅಷ್ಟು ಉಳಿಯಿತು.

ಕಾಕಾ: ಎಲ್ಲಿ ಉಳಿಯಿತು? ಕಾಯಿಗೂ ತೂತು.

ವಿದ್ಯಾ: ಎಷ್ಟು ದಿನದ ಅಗಿ ಹಚ್ಚಿದ್ರಿ?

ಕಾಕಾ: ಎರಡೂ 25 ದಿನದ್ದು. ನರ್ಸರಿಯವನು ಅದೇ ಸಾಕು ಅಂದ.

ವಿದ್ಯಾ: ಅಲ್ಲೇ ತಪ್ಪಿದ್ದು. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಲೆಕ್ಕ ಬೇರೆ. 16 ಸಾಲು ಟೊಮ್ಯಾಟೊಗೆ 1 ಸಾಲು ಚೆಂಡು ಹೂ. ಟೊಮ್ಯಾಟೊ ಅಗಿ 25 ದಿನದ್ದಾದರೆ ಹೂವಿನದು 40-45 ದಿನದ್ದು. ಎರಡೂ ಒಟ್ಟಿಗೆ ಹೂ ಬಿಡಬೇಕು. ನಿಮ್ಮ ಚೆಂಡು ಹೂ ಮೊಗ್ಗು ಬಿಡೋ ಹೊತ್ತಿಗೆ ಪತಂಗ ಟೊಮ್ಯಾಟೊದಲ್ಲೇ ಸಂಸಾರ ಹೂಡಿತ್ತು.

ವಿಜಯಪುರ ಮಾಮಾ: ಇಷ್ಟೆಲ್ಲ ಯಾಕೆ? ತೊಗರಿಗೆ ನಾವು ಮೋಹಕ ಬಲೆ ಕಟ್ಟುತ್ತೇವೆ, ಹೆಣ್ಣು ಪತಂಗದ ವಾಸನೆ ಇಟ್ಟಿದ್ದು.

ವಿದ್ಯಾ: ಮಾಮಾ, ಅದರಲ್ಲಿ ಬೀಳೋದು ಗಂಡು ಮಾತ್ರ. ಹುಳ ಬಂತು ಅಂತ ತಿಳಿಯೋಕೆ ಒಳ್ಳೇದು. ಮೊಟ್ಟೆ ಇಡೋಳು ಹೊರಗೇ ಇರ್ತಾಳೆ.

ಸಂಜು: ಹಾಗಾದರೆ ವಾಸನೆಗೆ ಹುಳ ಓಡೋದು ಸುಳ್ಳಾ?

ವಿದ್ಯಾ: ಅದೂ ಉಂಟು. ಕೀನ್ಯಾದಲ್ಲಿ ಗೋವಿನಜೋಳದ ನಡುವೆ ಡೆಸ್ಮೋಡಿಯಂ ಅನ್ನೋ ಮೇವಿನ ಬೆಳೆ, ಸುತ್ತ ನೇಪಿಯರ್ ಹುಲ್ಲು. ಹೌದು, ನಮ್ಮ ಎಮ್ಮೆ ತಿನ್ನೋ ಅದೇ ನೇಪಿಯರ್. ಕಾಂಡ ಕೊರೆಯೋ ಹುಳದ ಪತಂಗವನ್ನು ಡೆಸ್ಮೋಡಿಯಂ ವಾಸನೆಯಿಂದ ದೂಡುತ್ತೆ, ನೇಪಿಯರ್ ಎಳೆಯುತ್ತೆ. ನೇಪಿಯರ್ ಅಂಟು ಬಿಡುತ್ತೆ, ಮರಿಗಳು ಜಾಸ್ತಿ ಅಲ್ಲೇ ಸಾಯ್ತವೆ. ಚೆಂಡು ಹೂ ಹಾಗಲ್ಲ. ಹುಳ ಅಲ್ಲಿ ಚೆನ್ನಾಗಿ ಕೊಬ್ಬುತ್ತೆ. ಹುಳ ಬಿದ್ದ ಮೊಗ್ಗು ಕಿತ್ತು ಹಾಕಲೇಬೇಕು.

ಕಾಕು: ನಿಮ್ಮ ಕಾಕಾ ಕೀಳೋಕೆ ಬಿಟ್ಟರೆ ತಾನೆ! ಮಾರೋ ಹೂ ಅಂತ ಹುಳದ ಎಣ್ಣೆನೂ ಹೊಡೆಯಲಿಲ್ಲ.

ಕಾಕಾ: ಹಬ್ಬದ ದರ ಇದ್ದಾಗ ಹೂ ಕಿತ್ತು ಚೆಲ್ಲೋಕಾಗುತ್ತಾ?

ವಿದ್ಯಾ: ಅಂದ್ರೆ ನೀವು ಸಾಕಿದ್ದು ಹುಳಾನೇ ಬಿಡಿ.

ಕಾಕಾ: ಆಯ್ತವ್ವಾ. ಈ ಸಲ ಹೂವಿನ ಬೀಜ 20 ದಿನ ಮೊದಲೇ ಹಾಕ್ತೀನಿ. ಮೊಗ್ಗು ಕೀಳೋಕೆ ಫಾರ್ವರ್ಡ್ ಮಾಡಿದವನೇ ಬರಲಿ.

ಸಂಜು: ಆ ವಾರ ನನಗೆ ಪರೀಕ್ಷೆ ಇದೆ ಕಾಕಾ.

ಕಾಕು: ಯಾವ ವಾರ ಅಂತ ಕಾಕಾ ಇನ್ನೂ ಹೇಳೇ ಇಲ್ಲ.